ದುರ್ಗದ ಕಾಡಲ್ಲಿ ಹಗಲು ನಡೆಯೋಕೆ ಬಿಡಿ, ರಾತ್ರಿ ಬಿಡ್ಬೇಡಿ

ಅರಣ್ಯ ಇಲಾಖೆಯ ಅಧಿಕಾರಿಗಳಿಗೆ, ಜಿಲ್ಲಾಡಳಿತದೋರಿಗೆ, ಆಮೇಲೆ ಶನಿವಾರ ಭಾನುವಾರ ಬೆಂಗಳೂರಿಂದ ತುಮಕೂರಿಂದ ದೇವರಾಯನದುರ್ಗಕ್ಕೆ ಬರೋ ಎಲ್ಲರಿಗೂ ನಮಸ್ಕಾರ.

ನಾನು ಊರ್ಡಿಗೆರೆ ಕಡೆಯವನು. ಕೆಲಸ ತುಮಕೂರು ಟೌನಲ್ಲಿ, ಆದ್ರೆ ವಾರಕ್ಕೊಂದ್ಸಲ ಊರಿಗೆ ಹೋಗ್ತೀನಿ, ಹೋದಾಗೆಲ್ಲ ದುರ್ಗದ ದೇವಸ್ಥಾನದ ಹಳೇ ಕಾಲುದಾರೀಲಿ ಹತ್ತಿ ಇಳೀತೀನಿ, ಇದು ನಮ್ಮ ತಾತ ಹಾಕ್ಕೊಟ್ಟ ಅಭ್ಯಾಸ. ಚಿಕ್ಕೋನಿದ್ದಾಗ ತೇರಿಗೆ ಅಂತ ಕರ್ಕೊಂಡು ಹೋಗೋರು, ಕೆಳಗೆ ಭೋಗ ನರಸಿಂಹ ಸ್ವಾಮಿಗೆ ಕೈ ಮುಗ್ದು ಮೇಲೆ ಯೋಗ ನರಸಿಂಹ ಸ್ವಾಮಿ ಹತ್ರ ಹೋಗೋ ತನಕ ಒಂದೊಂದು ಮರ ತೋರ್ಸಿ ಇದು ದಿಂಡಿಗ, ಇದು ತಡಸಲು, ಇದು ಕಗ್ಗಲಿ, ಇದು ಜಾಲರಿ ಅಂತ ಹೇಳ್ಕೊಂಡು ಹೋಗೋರು. ಮೇಲೆ ಹೋದ್ಮೇಲೆ ಪರೀಕ್ಷೆ ಥರ ಕೇಳೋರು, ಹೇಳಿದ್ರೆ ಕಡ್ಲೆಪುರಿ ಜೊತೆ ಬತ್ತಾಸು ಜಾಸ್ತಿ ಸಿಗೋದು.

ಈ ಪತ್ರ ಬರೀಬೇಕು ಅಂತ ಬಹಳ ದಿನದಿಂದ ಅನ್ಕೋತಿದ್ದೆ, ಕೊನೆಗೆ ಬರೆಯೋ ಹಾಗೆ ಮಾಡಿದ್ದು ಫೆಬ್ರವರಿ ತಿಂಗಳ ಒಂದು ಶನಿವಾರ ರಾತ್ರಿ. ಊರಲ್ಲೇ ಇದ್ದೆ. ಹನ್ನೊಂದು ಗಂಟೆ ಆಗಿರ್ಬೇಕು, ಪಕ್ಕದ ಮನೆ ಅಣ್ಣ ಬಾಗಿಲು ಬಡ್ದು ಎಬ್ಬಿಸಿದ್ರು, ಬೆಟ್ಟದ ಮೇಲೆ ಬೆಂಕಿ ಕಾಣ್ತಿದೆ ಬಾರೋ ಅಂತ. ಹೊರಗೆ ಬಂದು ನೋಡಿದ್ರೆ ಕತ್ತಲಲ್ಲಿ ಕೆಂಪು ಗೆರೆ ಎಳೆದ ಹಾಗೆ ಒಂದೇ ಸಾಲು, ನಿಧಾನಕ್ಕೆ ಮೇಲಕ್ಕೆ ಹತ್ತಾ ಇತ್ತು. ಏಳೆಂಟು ಜನ ಬೈಕಲ್ಲಿ ಹೋದ್ವಿ, ಅಷ್ಟೊತ್ತಿಗೆ ಕಾಡಿಗೆ ಬೆಂಕಿ ಬೀಳದ ಹಾಗೆ ಕಾಯೋ ಫೈರ್ ವಾಚರ್ ಇಬ್ರು ಆಗ್ಲೇ ಒಳಗಿದ್ರು. ಬಂದರಿಕೆ ಸೊಪ್ಪು ಮುರ್ಕೊಂಡು ಬಡಿದ್ವಿ, ಬಾದೆಹುಲ್ಲು ಎದೆ ಎತ್ತರ ಒಣಗಿ ನಿಂತಿತ್ತು, ಒಂದು ಕಡೆ ಆರಿಸಿ ತಿರುಗಿ ನೋಡೋ ಅಷ್ಟ್ರಲ್ಲಿ ಇನ್ನೊಂದು ಕಡೆ ಧಗ್ ಅಂತ ಹತ್ಕೊಳ್ಳೋದು. ಬೆಳಗಿನ ಜಾವ ನಾಲ್ಕರ ತನಕ ಅದೇ ಆಯ್ತು. ಬೆಳಕಾದ್ಮೇಲೆ ಬೆಂಕಿ ಎಲ್ಲಿಂದ ಶುರುವಾಯ್ತು ಅಂತ ಹುಡುಕ್ಕೊಂಡು ಹೋದ್ರೆ ಒಂದು ಬಂಡೆ ಪಕ್ಕ ಮೂರು ಕಲ್ಲು ಇಟ್ಟು ಒಲೆ ಮಾಡಿದ್ರು, ಸುತ್ತ ನೂಡಲ್ಸ್ ಕವರು, ಪೇಪರ್ ಪ್ಲೇಟು, ಒಂದು ಟಾರ್ಚಿನ ಪಟ್ಟಿ. ನೈಟ್ ಟ್ರೆಕ್ ಅಂತ ಬಂದೋರು, ಕ್ಯಾಂಪ್ ಫೈರ್ ಹಾಕಿ, ಗಾಳಿಗೆ ಕಿಡಿ ಹಾರಿದ ತಕ್ಷಣ ಗಾಬರಿ ಆಗಿ ಇಳ್ದು ಹೋಗಿದಾರೆ. ಯಾರು ಅಂತ ನನಗೆ ಗೊತ್ತಿಲ್ಲ, ಗೊತ್ತಾಗಬೇಕು ಅನ್ನೋ ಹಠವೂ ಇಲ್ಲ. ಚಿಕ್ಕ ವಯಸ್ಸಿನೋರೇ ಇರ್ಬೇಕು. ಆದ್ರೆ ಅವ್ರಿಗೆ ಆ ರಾತ್ರಿ ಏನು ಸುಟ್ಟು ಹೋಯ್ತು ಅನ್ನೋದು ಗೊತ್ತಾಗಬೇಕು ಅನ್ನೋ ಆಸೆ ಇದೆ.

ಸುಟ್ಟಿದ್ದು ಬರೀ ಒಣ ಹುಲ್ಲು ಅಂತ ಬಹಳ ಜನ ಅನ್ಕೋತಾರೆ. ಬೇಸಿಗೇಲಿ ದುರ್ಗದ ಕಾಡು ನೋಡೋಕೆ ಬೋಳಾಗಿರುತ್ತೆ, ಮಲೆನಾಡಿನ ಕಾಡು ನೋಡಿದೋರಿಗೆ ಇದು ಕಾಡೇ ಅಲ್ಲ ಅನ್ಸುತ್ತೆ. ಇದು ಎಲೆ ಉದುರೋ ಒಣ ಕಾಡು, ಮಧ್ಯೆ ಮಧ್ಯೆ ಕುರುಚಲು, ನೀರು ಕಮ್ಮಿ ಇರೋ ಕಡೆ ಹೆಂಗೆ ಬದುಕಬೇಕು ಅಂತ ಕಲ್ತಿರೋ ಕಾಡು. ಇದ್ರಲ್ಲಿ ಜಾಲರಿ ಮರದ ಕಥೆ ಒಂದನ್ನೇ ಹೇಳ್ತೀನಿ. ಉತ್ತರದ ಕಡೆ ಸಾಲ ಮರ ಅಂತಾರಲ್ಲ, ಅದೇ ಕುಟುಂಬದ್ದು ಇದು. ಈ ಕುಟುಂಬ ಎಷ್ಟು ಹಳೇದು ಅಂದ್ರೆ ಗುಜರಾತಿನ ಲಿಗ್ನೈಟ್ ಗಣಿಗಳಲ್ಲಿ ಸುಮಾರು 5 ಕೋಟಿ ವರ್ಷದ ಹಿಂದಿನ, ಕಲ್ಲಿನ ಥರ ಗಟ್ಟಿಯಾದ ಮರದ ರಾಳದ ತುಂಡುಗಳು ಸಿಕ್ಕಿವೆ, ಒಳಗೆ ಆ ಕಾಲದ ಹುಳ ಹುಪ್ಪಟೆ ಹಾಗೇ ಉಳ್ಕೊಂಡಿವೆ, ಆ ರಾಳ ಇದೇ ಕುಟುಂಬದ ಮರಗಳದ್ದು. ಹಿಂದೆ ಅರಗಿನ ಹುಳ ಸಾಕೋಕೂ ನಮ್ಮ ಕಡೆ ಜಾಲರೀನೇ ಬಳಸ್ತಿದ್ರು.

ಜಾಲರಿ ಹೂ ಬಿಡೋದೇ ಬೇಸಿಗೆ ಶುರುವಾಗೋ ಹೊತ್ತಿಗೆ. ಶಿವರಾತ್ರಿ ಕಳೆದು ಯುಗಾದಿ ಬರೋ ಒಳಗೆ ಒಂದು ದಿನ ಬೆಳಿಗ್ಗೆ ಹೋಗಿ ನಿಂತ್ಕೊಳ್ಳಿ, ಮರ ಪೂರ್ತಿ ಕೆನೆ ಬಣ್ಣ, ಕಾಡೆಲ್ಲ ಘಮ ಘಮ, ಮೇಲೆ ಜೇನುಹುಳದ ಸದ್ದು ಹೆಂಗಿರುತ್ತೆ ಅಂದ್ರೆ ದೂರದಲ್ಲಿ ಎಲ್ಲೋ ಮೋಟ್ರು ಓಡ್ತಿದೆ ಅನ್ಸುತ್ತೆ. ಆಮೇಲೆ ರೆಕ್ಕೆ ಇರೋ ಕಾಯಿ ಆಗುತ್ತೆ, ಮೂರು ರೆಕ್ಕೆ ಉದ್ದ, ಎರಡು ಗಿಡ್ಡ, ಮಳೆ ಶುರುವಾಗೋ ಮುಂಚಿನ ಗಾಳಿಗೆ ಗಿರಗಿರ ತಿರುಕ್ಕೊಂಡು ಬೀಳ್ತವೆ. ನಾವು ಹುಡುಗ್ರು ಅದನ್ನ ಹಿಡಿಯೋಕೆ ಓಡ್ತಿದ್ವಿ. ಈ ಬೀಜದ ಸ್ವಭಾವ ಏನಪ್ಪ ಅಂದ್ರೆ, ರಾಗಿ ಹುರಳಿ ಥರ ಕೂಡಿಟ್ಟು ಮುಂದಿನ ವರ್ಷ ಬಿತ್ತೋಕೆ ಆಗಲ್ಲ. ಬಿದ್ದ ಕೆಲವೇ ದಿನದಲ್ಲಿ ಮಣ್ಣು ಹಸಿ ಸಿಕ್ಕಿದ್ರೆ ಮೊಳಕೆ, ಇಲ್ಲ ಅಂದ್ರೆ ಸತ್ತೋಯ್ತು. ಹಂಗೆ ಕಷ್ಟಪಟ್ಟು ಹುಟ್ಟಿದ ಸಸಿ ಒಂದು ಗೇಣು ಬೆಳೆಯೋ ಹೊತ್ತಿಗೆ ಮುಂದಿನ ಫೆಬ್ರವರಿ ಬರುತ್ತೆ, ಬೆಂಕಿ ಬರುತ್ತೆ. ದೊಡ್ಡ ಮರ ತೊಗಟೆ ಸುಟ್ಕೊಂಡು ಹೆಂಗೋ ತಡ್ಕೊಳ್ಳುತ್ತೆ, ಸಸಿ ತಡ್ಕೊಳ್ಳಲ್ಲ. ವರ್ಷ ವರ್ಷ ಹಿಂಗೇ ಆದ್ರೆ ನೋಡೋಕೆ ಮರಗಳು ಇರ್ತವೆ, ಮರಿಗಳೇ ಇರಲ್ಲ. ಸುಟ್ಟ ಜಾಗದಲ್ಲಿ ಮೊದಲು ಎದ್ದು ನಿಲ್ಲೋದು ಲಂಟಾನ. ನಾನು ಅವತ್ತು ಸುಟ್ಟ ಜಾಗಕ್ಕೆ ಮಳೆಗಾಲ ಮುಗಿದ್ಮೇಲೆ ಹೋಗಿ ನೋಡ್ದೆ, ಸೊಂಟದ ಎತ್ತರ ಲಂಟಾನ, ಕಾಲಿಡೋಕೆ ಜಾಗ ಇಲ್ಲ.

ಈಗ ಕರಡಿ ವಿಷ್ಯ. ನಮ್ಮ ಜಿಲ್ಲೇಲಿ ಕರಡಿ ಇದೆ ಅಂತ ಎಲ್ರಿಗೂ ಗೊತ್ತು, ಮಧುಗಿರಿ ಪಾವಗಡ ಕಡೆಯಿಂದಂತೂ ಕರಡಿ ದಾಳಿ ಸುದ್ದಿ ಆಗಾಗ ಬರ್ತಾನೇ ಇರುತ್ತೆ, ದುರ್ಗದಲ್ಲೂ ಇವೆ. ಕರಡಿ ಹಗಲು ಹೊತ್ತು ಬಂಡೆ ಸಂದಿಲಿ, ಗವಿಲಿ ಮಲಗಿರುತ್ತೆ, ಕತ್ತಲಾದ್ಮೇಲೆ ಮೇವಿಗೆ ಹೊರಡುತ್ತೆ, ಬೆಳಗಿನ ಜಾವ ವಾಪಸ್ ಬರುತ್ತೆ. ಗೆದ್ದಲು ಹುತ್ತ ಕೆದರಿ ಬಾಯಿಟ್ಟು ಎಳ್ಕೊಳ್ಳುತ್ತೆ, ಅದಕ್ಕೆ ಅಂತಾನೇ ಅದರ ಮೇಲಿನ ಸಾಲಲ್ಲಿ ಮುಂದಿನ ಎರಡು ಹಲ್ಲು ಇರೋದೇ ಇಲ್ಲ, ಆ ಎಳೆಯೋ ಸದ್ದು ಬಹಳ ದೂರಕ್ಕೆ ಕೇಳುತ್ತೆ. ಕವಳೆ ಹಣ್ಣು, ಎಲಚಿ, ಕಕ್ಕೆಕಾಯಿ, ಜೇನು ಎಲ್ಲ ಬೇಕು. ಮರಿ ಹಾಕೋದು ಹೆಚ್ಚಾಗಿ ಡಿಸೆಂಬರ್ ಜನವರಿ ಹೊತ್ತಿಗೆ, ಗವಿ ಒಳಗೆ. ಎರಡು ಮೂರು ತಿಂಗಳಾದ್ಮೇಲೆ ಮರಿಗಳನ್ನ ಬೆನ್ನ ಮೇಲೆ ಕೂರಿಸ್ಕೊಂಡು ತಾಯಿ ಹೊರಗೆ ಬರುತ್ತೆ.

ಈಗ ನೀವೇ ಯೋಚ್ನೆ ಮಾಡಿ. ಸೂರ್ಯೋದಯ ನೋಡೋಕೆ, ಮಂಜು ನೋಡೋಕೆ ಅಂತ ಜನ ಜಾಸ್ತಿ ಬರೋದು ಯಾವಾಗ, ಡಿಸೆಂಬರಿಂದ ಫೆಬ್ರವರಿ ತನಕ. ಹತ್ತೋದು ಎಷ್ಟೊತ್ತಿಗೆ, ಬೆಳಗಿನ ಜಾವ ಮೂರು ನಾಲ್ಕಕ್ಕೆ. ಹೋಗಿ ಕೂರೋದು ಎಲ್ಲಿ, ಬಂಡೆ ಮೇಲೆ. ಅಂದ್ರೆ ಮರಿ ಇಟ್ಕೊಂಡಿರೋ ತಾಯಿ ಕರಡಿ ಮನೆಗೆ ವಾಪಸ್ ಬರೋ ಹೊತ್ತಿಗೆ ಸರಿಯಾಗಿ ಅದರ ಮನೆ ಬಾಗಿಲಲ್ಲಿ ಇಪ್ಪತ್ತು ಜನ ಟಾರ್ಚ್ ಹಿಡ್ಕೊಂಡು, ಸ್ಪೀಕರಲ್ಲಿ ಹಾಡು ಹಾಕ್ಕೊಂಡು ನಿಂತಿರ್ತಾರೆ. ಕರಡಿ ಮನುಷ್ಯನ್ನ ತಿನ್ನೋಕೆ ಬರೋ ಪ್ರಾಣಿ ಅಲ್ಲ, ಗಾಬರಿಗೆ ಮೈ ಮೇಲೆ ಬೀಳುತ್ತೆ, ಹೆಚ್ಚಾಗಿ ಮುಖಕ್ಕೇ ಕೈ ಹಾಕುತ್ತೆ. ನಮ್ಮೂರ ಕಡೆ ಒಬ್ಬ ಅಜ್ಜ ಇದ್ರು, ಹುಣಸೆಹಣ್ಣು ಆಯೋಕೆ ಬೆಳಗ್ಗೆ ಬೇಗ ಹೋಗಿ ಕರಡಿ ಕೈಗೆ ಸಿಕ್ಕಿ ಒಂದು ಕಣ್ಣು ಕಳ್ಕೊಂಡಿದ್ರು. ಅವರು ಯಾವತ್ತೂ ಕರಡೀನ ಬೈದಿದ್ದು ನಾನು ಕೇಳ್ಲಿಲ್ಲ, ನಾನೇ ಹೊತ್ತಲ್ಲದ ಹೊತ್ತಲ್ಲಿ ಹೋದೆ ಅನ್ನೋರು. ಊರೋರಿಗೆ ಗೊತ್ತಿರೋ ಈ ಮಾತು ಹೊರಗಿಂದ ಬರೋ ಹುಡುಗ್ರಿಗೆ ಯಾರು ಹೇಳ್ಬೇಕು?

ಹಂಗಂತ ಟ್ರೆಕ್ಕಿಂಗೇ ಬೇಡ, ಗೇಟ್ ಹಾಕ್ಬಿಡಿ ಅಂತ ನಾನು ಕೇಳ್ತಿಲ್ಲ, ಇದನ್ನ ದಯವಿಟ್ಟು ಅರ್ಥ ಮಾಡ್ಕೊಳ್ಳಿ. 2024ರ ಜನವರೀಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ವಿಡಿಯೋ ಎಲ್ರೂ ನೋಡಿದ್ವಿ, ಅದಾದ್ಮೇಲೆ ಆನ್‌ಲೈನ್ ಬುಕ್ಕಿಂಗ್ ಇಲ್ಲದ ಕಡೆ ಟ್ರೆಕ್ಕಿಂಗ್ ಸ್ವಲ್ಪ ದಿನ ನಿಲ್ಲಿಸಿದ್ರು. ಆಗ ಪರಿಸರ ಪ್ರೀತಿಸೋ ಎಷ್ಟೋ ಜನ ಹಿಂಗೇ ಮುಚ್ಚಿಬಿಡ್ಲಿ ಅಂದ್ರು. ನನಗೆ ಅದು ಸರಿ ಅನ್ನಿಸಲ್ಲ. ನಾನು ಆ ಮರಗಳ ಹೆಸರು ಕಲ್ತಿದ್ದು ನಡೆದಿದ್ದಕ್ಕೆ. ನಡೆಯದೇ ಇದ್ದಿದ್ರೆ ಅವತ್ತು ರಾತ್ರಿ ಹನ್ನೊಂದಕ್ಕೆ ಸೊಪ್ಪು ಹಿಡ್ಕೊಂಡು ಓಡ್ತಾನೂ ಇರ್ಲಿಲ್ಲ. ತುಮಕೂರಿನ ಮಕ್ಕಳು 15 ಕಿಲೋಮೀಟರ್ ದೂರದಲ್ಲಿರೋ ಕಾಡೊಳಗೆ ಒಂದ್ಸಲನೂ ಕಾಲಿಡದೆ ದೊಡ್ಡೋರಾದ್ರೆ, ನಾಳೆ ಅಲ್ಲಿ ಏನಾದ್ರೂ ಆದಾಗ ಮಾತಾಡೋರು ಯಾರೂ ಇರಲ್ಲ.

ನಾನು ಕೇಳೋದು ಇಷ್ಟು. ಹಗಲು ಹೊತ್ತು, ಸೂರ್ಯ ಹುಟ್ಟಿ ಒಂದು ಗಂಟೆ ಆದ್ಮೇಲೆ ಶುರು ಮಾಡಿ ಸಂಜೆ ನಾಲ್ಕೂವರೆ ಒಳಗೆ ಎಲ್ಲರೂ ಇಳಿಯೋ ಹಾಗೆ, ಗುರುತು ಮಾಡಿರೋ ಒಂದೇ ದಾರೀಲಿ, ಊರಿನ ಗೈಡ್ ಜೊತೆ ಮಾತ್ರ ಕಾಡೊಳಗೆ ಬಿಡಿ. ರಾತ್ರಿ ಯಾರನ್ನೂ ಬಿಡ್ಬೇಡಿ, ಎಷ್ಟೇ ದೊಡ್ಡೋರ ಕಡೆಯೋರು ಬಂದ್ರೂ ಬಿಡ್ಬೇಡಿ. ಹುಲ್ಲು ಒಣಗಿ ನಿಲ್ಲೋ ಫೆಬ್ರವರಿಯಿಂದ ಒಳ್ಳೆ ಮಳೆ ಬೀಳೋ ತನಕ ಹುಲ್ಲುಗಾವಲು ಇರೋ ಇಳಿಜಾರುಗಳನ್ನ ಪೂರ್ತಿ ಮುಚ್ಚಿ. ಆ ಟೈಮಲ್ಲಿ ದೇವಸ್ಥಾನದ ದಾರಿ ತೆರೆದಿದ್ರೆ ಸಾಕು, ಜಾಲರಿ ಹೂ ಆ ದಾರಿಯಿಂದಾನೂ ಕಾಣುತ್ತೆ.

ಗೈಡ್ ಅಂದ್ರೆ ಬೇರೆ ಊರಿಂದ ಟೀ ಶರ್ಟ್ ಹಾಕ್ಕೊಂಡು ಬರೋರು ಅಲ್ಲ. ದುರ್ಗದಹಳ್ಳಿ, ಊರ್ಡಿಗೆರೆ ಕಡೆಯ ಹುಡುಗ ಹುಡುಗೀರು, ದನ ಕುರಿ ಮೇಯಿಸಿ ಕಾಡು ತಿಳ್ಕೊಂಡಿರೋ ಹಿರಿಯರು. ಬೇಸಿಗೆ ನಾಲ್ಕು ತಿಂಗಳು ಫೈರ್ ವಾಚರ್ ಕೆಲಸ ಮಾಡೋರೇ ಉಳಿದ ತಿಂಗಳು ಗೈಡ್ ಆಗ್ಲಿ. ಈಗ ಆ ದಿನಗೂಲಿ ಮುಗಿದ ತಕ್ಷಣ ಅವರು ಗಾರೆ ಕೆಲಸಕ್ಕೋ ಫ್ಯಾಕ್ಟರಿಗೋ ಹೋಗ್ತಾರೆ, ಮುಂದಿನ ವರ್ಷ ಹೊಸಬರು ಬರ್ತಾರೆ, ಯಾವ ಕಣಿವೇಲಿ ಗಾಳಿ ಯಾವ ಕಡೆ ತಿರುಗುತ್ತೆ ಅಂತ ಗೊತ್ತಿರೋರು ಕಳ್ದು ಹೋಗ್ತಾರೆ. ಅವತ್ತು ರಾತ್ರಿ ನಮ್ಮನ್ನೆಲ್ಲ ಉಳಿಸಿದ್ದು ಅಂಥ ಒಬ್ಬ ವಾಚರ್ರೇ, ಬೆಂಕಿ ಮುಂದೆ ಹೋಗ್ಬೇಡಿ, ಸುಟ್ಟಿರೋ ಕಡೆಯಿಂದ ಬಡ್ಕೊಂಡು ಬನ್ನಿ ಅಂತ ಕೂಗಿ ಕೂಗಿ ಗಂಟಲು ಕಟ್ಕೊಂಡಿದ್ರು.

ಪ್ಲಾಸ್ಟಿಕ್ ಬಗ್ಗೆ ಎಲ್ರೂ ಮಾತಾಡ್ತಾರೆ, ನಾನು ಉದ್ದ ಮಾಡಲ್ಲ. ನೀಲಗಿರಿ ಜಿಲ್ಲೇಲಿ 2022ರಿಂದ ಮದ್ಯದ ಬಾಟ್ಲಿಗೆ 10 ರೂಪಾಯಿ ಜಾಸ್ತಿ ತಗೊಂಡು ಖಾಲಿ ಬಾಟ್ಲಿ ವಾಪಸ್ ಕೊಟ್ರೆ ದುಡ್ಡು ವಾಪಸ್ ಕೊಡ್ತಾರೆ. ಅದೇ ಥರ ಬೆಟ್ಟದ ಬುಡದ ನಾಮದ ಚಿಲುಮೆ ಹತ್ರ ಚೆಕ್ ಪೋಸ್ಟಲ್ಲಿ ಜನ ತರೋ ಪ್ಲಾಸ್ಟಿಕ್ ಬಾಟ್ಲಿ ಎಣಿಸಿ ಚೀಟಿ ಕೊಟ್ಟು, ವಾಪಸ್ ಹೋಗುವಾಗ ಮತ್ತೆ ಎಣಿಸೋಕೆ ಏನು ಕಷ್ಟ? ಕುಡಿಯೋ ನೀರಿನ ನಲ್ಲಿಗಳು ಸಾಕಷ್ಟು ಇದ್ರೆ ಬಾಟ್ಲಿ ಕೊಳ್ಳೋರೂ ಕಮ್ಮಿ ಆಗ್ತಾರೆ.

ನಾಮದ ಚಿಲುಮೆ ಅಂದಾಗ ನೀರಿನ ಮಾತು ಬಂತು, ಇದನ್ನ ಜಿಲ್ಲಾಡಳಿತದೋರು ಸ್ವಲ್ಪ ಗಮನ ಕೊಟ್ಟು ಓದ್ಬೇಕು. ವನವಾಸದಲ್ಲಿ ಶ್ರೀರಾಮ ನಾಮ ಇಟ್ಕೊಳ್ಳೋಕೆ ನೀರಿಲ್ದೆ ಬಂಡೆಗೆ ಬಾಣ ಬಿಟ್ಟು ತರಿಸಿದ ಚಿಲುಮೆ ಅಂತ ನಮ್ಮ ಹಿರಿಯರು ಹೇಳ್ತಾರೆ, ಆ ಬಂಡೆ ತೂತಿಂದ ಬೇಸಿಗೇಲೂ ನೀರು ಬರ್ತಿರೋದನ್ನ ನಾನೇ ಎಷ್ಟೋ ವರ್ಷದಿಂದ ನೋಡಿದೀನಿ. ಇದೇ ದುರ್ಗದ ಬೆಟ್ಟಗಳಲ್ಲಿ ಜಯಮಂಗಲಿ ಹುಟ್ಟುತ್ತೆ, ಶಿಂಷಾನೂ ಹುಟ್ಟುತ್ತೆ. ಜಯಮಂಗಲಿ ಕೊರಟಗೆರೆ ಮಧುಗಿರಿ ಕಡೆ ಹೋಗಿ ಉತ್ತರ ಪಿನಾಕಿನಿ ಸೇರಿ ಆಂಧ್ರದ ಕಡೆ ಹರಿಯುತ್ತೆ, ಶಿಂಷಾ ದಕ್ಷಿಣಕ್ಕೆ ತಿರುಗಿ ಮಾರ್ಕೋನಹಳ್ಳಿ ಡ್ಯಾಮ್ ತುಂಬಿಸಿ 221 ಕಿಲೋಮೀಟರ್ ಹರಿದು ಕಾವೇರಿ ಸೇರುತ್ತೆ. ಒಂದೇ ಬೆಟ್ಟದ ಮಳೆ, ಎರಡು ದಾರಿ. ಬಯಲುಸೀಮೆ ಜನಕ್ಕೆ ಇದಕ್ಕಿಂತ ದೊಡ್ಡ ಆಸ್ತಿ ಯಾವ್ದಿದೆ ಹೇಳಿ. ಹುಲ್ಲು, ಎಲೆಗೊಬ್ಬರ, ಬೇರು ಇದ್ರೆ ಮಳೆ ನೀರು ಇಂಗಿ ನಿಧಾನಕ್ಕೆ ಬರುತ್ತೆ. ಸುಟ್ಟು ಬೂದಿಯಾದ ಇಳಿಜಾರಿನ ಮೇಲೆ ಮೊದಲ ಮಳೆ ಬಿದ್ರೆ ಅರ್ಧ ಗಂಟೇಲಿ ಕಪ್ಪು ನೀರಾಗಿ ಹಳ್ಳಕ್ಕೆ ಇಳ್ದು ಹೋಗುತ್ತೆ, ಜೊತೆಗೆ ಬಂಡೆ ಮೇಲಿದ್ದ ನಾಲ್ಕು ಬೆರಳು ಮಣ್ಣನ್ನೂ ತಗೊಂಡು ಹೋಗುತ್ತೆ. ಆ ಬಂಡೆಗಳು ರಾಮನಗರದಿಂದ ಶಿವಗಂಗೆ, ಮಧುಗಿರಿ, ಪಾವಗಡದ ಉದ್ದಕ್ಕೂ ಸಾಲಾಗಿ ನಿಂತಿರೋ ಸುಮಾರು 250 ಕೋಟಿ ವರ್ಷ ಹಳೇ ಕಲ್ಲಿನ ನೆರೆಹೊರೆ, ಅದರ ಮೇಲೆ ನಾಲ್ಕು ಬೆರಳು ಮಣ್ಣು ಕೂರೋಕೆ ಎಷ್ಟು ಕಾಲ ಬೇಕಾಗಿರ್ಬೋದು.

ನಮ್ಮ ಜಿಲ್ಲೆಗೆ ಕಾಡು ಕಾಪಾಡೋದು ಹೊಸದೇನಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳೀಲಿ 798 ಎಕರೆ ಹುಲ್ಲುಗಾವಲನ್ನ 2007ರಲ್ಲಿ ಕೃಷ್ಣಮೃಗಕ್ಕೆ ಅಂತ ಮೀಸಲು ಮಾಡಿದ್ರು, ಸಿರಾ ಕಡೆ ಬುಕ್ಕಾಪಟ್ಟಣದ ಕಾಡನ್ನ 2019ರಲ್ಲಿ ಚಿಂಕಾರ ಅನ್ನೋ ಸಣ್ಣ ಹುಲ್ಲೆಗೆ ಅಂತ ಅಭಯಾರಣ್ಯ ಮಾಡಿದ್ರು. ಮಾಡಿದೋರಿಗೆ ಮನಸಾರೆ ಕೃತಜ್ಞತೆ. ದುರ್ಗಕ್ಕೂ ಅಷ್ಟೇ ಕಾಳಜಿ ಕೊಡಿ ಅಂತ ಕೇಳೋಕೆ ಧೈರ್ಯ ಬಂದಿರೋದೇ ಅದ್ರಿಂದ.

ಇನ್ನು ಬೆಟ್ಟಕ್ಕೆ ಬರೋ ನಿಮ್ಮ ಹತ್ರ ಒಂದೆರಡು ಮಾತು, ಅಣ್ಣನೋ ತಮ್ಮನೋ ಹೇಳಿದ ಹಾಗೆ ಕೇಳಿ. ದೇವರ ದರ್ಶನಕ್ಕೆ ಬರೋರು, ವಯಸ್ಸಾದೋರು, ಮಕ್ಕಳು ಗಾಡೀಲೇ ಬನ್ನಿ, ಏನೂ ತಪ್ಪಿಲ್ಲ. ನಡೆಯೋ ಶಕ್ತಿ ಇರೋರು ಗಾಡಿ ಕೆಳಗೆ ಬಿಟ್ಟು ನಡ್ಕೊಂಡು ಹತ್ತಿ. ದಾರೀಲಿ ಕೋತಿಗಳಿಗೆ ಚಿಪ್ಸು ಬಾಳೆಹಣ್ಣು ಕೊಡ್ಬೇಡಿ, ಅವು ರಸ್ತೆಗೆ ಬಂದು ಗಾಡಿ ಕೆಳಗೆ ಸಿಕ್ಕಿ ಸಾಯ್ತವೆ, ಮರಿ ಎದೆಗೆ ಅಂಟ್ಕೊಂಡಿದ್ದ ತಾಯಿ ಕೋತೀನ ಹಾಗೆ ನೋಡಿದೀನಿ, ಮತ್ತೆ ನೋಡೋ ಶಕ್ತಿ ನನಗಿಲ್ಲ. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತೆ, ಹೊಗೆ ಹಾಕೋದು, ಕಲ್ಲು ಎಸೆಯೋದು, ಜೋರಾಗಿ ಸೆಂಟ್ ಹೊಡ್ಕೊಂಡು ಬರೋದು ಬೇಡ. ಬಂಡೆ ಮೇಲಿನ ದೊಣೆಗಳಲ್ಲಿ ಕೈ ಕಾಲು ಸೋಪ್ ಹಾಕಿ ತೊಳೀಬೇಡಿ, ಬೇಸಿಗೇಲಿ ಹಕ್ಕಿ, ನರಿ, ಮುಳ್ಳುಹಂದಿ ಎಲ್ಲದಕ್ಕೂ ಅದೇ ನೀರು, ಗೊದ್ದಮೊಟ್ಟೆಗಳೂ ಅದರಲ್ಲೇ ಬೆಳೀತವೆ.

ಸುಮ್ನೆ ಒಂದ್ಸಲ ಫೋನು ಜೇಬಲ್ಲಿಟ್ಟು ಹತ್ತು ನಿಮಿಷ ಬಂಡೆ ಪಕ್ಕ ಕೂತ್ಕೊಳ್ಳಿ. ಹಳದಿ ಕೊರಳಿನ ಪಿಕಳಾರ ಅಂತ ಒಂದು ಹಕ್ಕಿ ಇದೆ. ಇಡೀ ಪ್ರಪಂಚದಲ್ಲಿ ದಕ್ಷಿಣ ಭಾರತದ ಇಂಥ ಕಲ್ಲು ಬೆಟ್ಟ ಕುರುಚಲು ಇರೋ ಕಡೆ ಬಿಟ್ರೆ ಬೇರೆ ಎಲ್ಲೂ ಇಲ್ಲ, ನಂದಿ ಬೆಟ್ಟದಲ್ಲಿದೆ, ನಮ್ಮ ದುರ್ಗದಲ್ಲಿದೆ, ಅಪಾಯದ ಅಂಚಿನಲ್ಲಿರೋ ಹಕ್ಕಿಗಳ ಪಟ್ಟೀಲೂ ಇದೆ. ಎಲ್ಲೆಲ್ಲಿಂದಲೋ ಜನ ಕ್ಯಾಮರಾ ಹೊತ್ಕೊಂಡು ಅದನ್ನ ಹುಡುಕ್ಕೊಂಡು ಬರ್ತಾರೆ. ನಾನು ಮೊದಲ ಸಲ ನೋಡಿದಾಗ ಮಾಮೂಲಿ ಪಿಕಳಾರ ಅಂತ ಬಿಟ್ಟುಬಿಟ್ಟಿದ್ದೆ, ಆಮೇಲೆ ಬೆಳಕಿಗೆ ತಿರುಗಿದಾಗ ತಲೆ ಕೊರಳು ಅರಿಶಿನ ಹಚ್ಚಿದ ಹಾಗೆ ಕಾಣಿಸ್ತು, ಉಸಿರು ಬಿಗಿ ಹಿಡ್ಕೊಂಡು ನಿಂತ್ಬಿಟ್ಟೆ. ಆ ಸಂತೋಷ ನಿಮ್ಗೂ ಸಿಗ್ಲಿ ಅಂತಾನೇ ಇಷ್ಟೆಲ್ಲ ಬರೀತಿರೋದು.

ಅಧಿಕಾರಿಗಳಿಗೆ ಕೊನೇದಾಗಿ. ಕಾಲುದಾರಿ ಗುರುತು ಮಾಡೋ ಕೆಲಸಕ್ಕೆ, ಮರಗಳಿಗೆ ಕನ್ನಡದಲ್ಲಿ ಹೆಸರಿನ ಫಲಕ ಹಾಕೋಕೆ, ಬೇಸಿಗೆ ಮುಂಚೆ ಬೆಂಕಿ ಹರಡದ ಹಾಗೆ ಹುಲ್ಲು ಸವರಿ ಬೆಂಕಿ ರೇಖೆ ಮಾಡೋಕೆ ನಮ್ಮ ಕಡೆಯಿಂದ ಅವತ್ತು ಬೆಂಕಿ ಆರಿಸೋಕೆ ಬಂದ ಏಳೆಂಟು ಜನವೂ ಸಂಬಳ ಇಲ್ಲದೆ ಬರ್ತೀವಿ, ಭಾನುವಾರ ಭಾನುವಾರ ಬರ್ತೀವಿ. ಮರದ ಹೆಸರು ತಾತ ಹೇಳಿಕೊಟ್ಟಷ್ಟು ನಾನು ಬರ್ಕೊಡ್ತೀನಿ, ನನಗೆ ಬಾರದ್ದು ದುರ್ಗದಹಳ್ಳಿ ಹಿರಿಯರ ಹತ್ರ ಕೇಳಿ ತುಂಬಿಸ್ತೀನಿ. ಮುಂದಿನ ಹುಲ್ಲು ಒಣಗೋಕೆ ಇನ್ನು ಕೆಲವೇ ತಿಂಗಳು ಇದೆ, ಅಷ್ಟರೊಳಗೆ ಒಂದು ದಿನ ನೀವು ಬನ್ನಿ, ಆ ಸುಟ್ಟ ಇಳಿಜಾರಿಗೆ ನಾನೇ ಕರ್ಕೊಂಡು ಹೋಗ್ತೀನಿ, ಲಂಟಾನದ ಸಂದೀಲಿ ಜಾಲರಿ ಸಸಿ ಒಂಬತ್ತು ಬದುಕಿವೆ, ಎಣಿಸಿ ಇಟ್ಟಿದೀನಿ, ಸುತ್ತ ಕಲ್ಲು ಜೋಡಿಸಿದೀನಿ.

ಇಂತಿ ನಿಮ್ಮ,
ಊರ್ಡಿಗೆರೆ ಕಡೆಯವನು